ಬೆನ್ನುಮೂಳೆ ಶಸ್ತ್ರಚಿಕಿತ್ಸೆಯಲ್ಲಿ ರಕ್ತನಾಳಕ್ಕೆ ಪೆಟ್ಟಾದರೆ: ಅರಿವಳಿಕೆ ಮತ್ತು ತಂಡದ ಕೆಲಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಅರಿವಳಿಕೆ ತಜ್ಞೆ. ಬೆನ್ನಿನ ಆಪರೇಷನ್‌ಗೆ ಬಂದವರು, ಅವರ ಮನೆಯವರು, ಥಿಯೇಟರಿನ ನರ್ಸ್‌ಗಳು, ನನ್ನ ಬಳಿ ಕಲಿಯುವ ಕಿರಿಯ ವೈದ್ಯರು ಬೇರೆ ಬೇರೆ ಹೊತ್ತಿನಲ್ಲಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಆರಂಭದ ಪ್ರಶ್ನೆಗಳು ಎಲ್ಲರಿಗೂ, ಮುಂದಿನವು ಥಿಯೇಟರಿನಲ್ಲಿ ದುಡಿಯುವವರಿಗೆ. ಔಷಧಗಳ ಪ್ರಮಾಣ ಹೇಳಿರುವಲ್ಲಿ ಅದು ವಯಸ್ಕರಿಗೆ ಸಾಮಾನ್ಯವಾಗಿ ಬಳಸುವ ಪ್ರಮಾಣ. ರೋಗಿಯ ಸ್ಥಿತಿಯನ್ನೂ ನಿಮ್ಮ ಆಸ್ಪತ್ರೆಯ ಕ್ರಮವನ್ನೂ ನೋಡಿಕೊಂಡೇ ಮುಂದುವರಿಯಬೇಕು.

## ಮೊದಲು ತಿಳಿಯಬೇಕಾದದ್ದು

ಆಪರೇಷನ್ ಮಾಡುವುದು ಬೆನ್ನಿಗೆ. ಹೊಟ್ಟೆಯೊಳಗಿನ ರಕ್ತನಾಳಕ್ಕೆ ಪೆಟ್ಟು ಬೀಳುವುದು ಹೇಗೆ?

ಬೆನ್ನುಮೂಳೆಯ ಮುಂಭಾಗಕ್ಕೆ ಒರಗಿಕೊಂಡೇ ದೇಹದ ಅತಿ ದೊಡ್ಡ ರಕ್ತನಾಳಗಳು ಸಾಗುತ್ತವೆ. ಹೃದಯದಿಂದ ಇಳಿದು ಬರುವ ಮಹಾಪಧಮನಿ ಸೊಂಟದ ನಾಲ್ಕನೆಯ ಕಶೇರುವಿನ (ಬೆನ್ನುಮೂಳೆಯ ಒಂದೊಂದು ಬಿಡಿ ಎಲುಬಿಗೆ ಈ ಹೆಸರು) ಎದುರು ಎರಡಾಗಿ ಕವಲೊಡೆದು ಕಾಲುಗಳ ಕಡೆಗೆ ಹೋಗುತ್ತದೆ. ಕಾಲುಗಳಿಂದ ಮೇಲೇರುವ ಅಭಿಧಮನಿಗಳು ಐದನೆಯ ಕಶೇರುವಿನ ಎದುರು ಕೂಡಿ ಮಹಾಭಿಧಮನಿಯಾಗುತ್ತವೆ. ಡಿಸ್ಕ್, ಅಂದರೆ ಎರಡು ಕಶೇರುಗಳ ನಡುವಿನ ಮೆತ್ತೆಯ ಆಪರೇಷನ್ ಹೆಚ್ಚಾಗಿ ನಡೆಯುವ ಜಾಗವೂ ಇದೇ. ಸವೆದ ಡಿಸ್ಕಿನ ತುಣುಕುಗಳನ್ನು ಕಿತ್ತು ತೆಗೆಯುವ ಇಕ್ಕಳ ಹಿಂದಿನಿಂದ ಒಳಗೆ ಹೋಗುತ್ತದೆ. ಡಿಸ್ಕಿನ ಹಿಂಬದಿಯಿಂದ ಮುಂಬದಿಗೆ ಇರುವ ದೂರ ಸುಮಾರು ಮೂರೂವರೆ ಸೆಂಟಿಮೀಟರ್ ಮಾತ್ರ. ಇಕ್ಕಳದ ತುದಿ ಅಷ್ಟನ್ನೂ ದಾಟಿ ಮುಂದಿನ ಪೊರೆಯನ್ನು ತೂರಿದರೆ ಅದರಾಚೆ ಸಿಗುವುದು ರಕ್ತನಾಳದ ಗೋಡೆ. ಡಿಸ್ಕ್ ಬಹಳ ಸವೆದವರಲ್ಲಿ ಆ ಮುಂದಿನ ಪೊರೆಯೇ ಬಿರುಕು ಬಿಟ್ಟಿರುತ್ತದೆ. ಆಗ ‘ಇಲ್ಲಿಗೆ ಸಾಕು’ ಎಂದು ಸರ್ಜನ್ ಕೈಗೆ ತಿಳಿಸುವ ತಡೆಯೇ ಇರುವುದಿಲ್ಲ.

ಇದು ಎಷ್ಟು ಜನರಿಗೆ ಆಗುತ್ತದೆ? ನಾನು ಹೆದರಬೇಕೇ?

ಹಿಂದಿನಿಂದ ಮಾಡುವ ಸೊಂಟದ ಡಿಸ್ಕ್ ಆಪರೇಷನ್‌ಗಳಲ್ಲಿ ಹತ್ತು ಸಾವಿರಕ್ಕೆ ಒಂದರಿಂದ ಐದು ಎಂದು ಸಾಮಾನ್ಯವಾಗಿ ಲೆಕ್ಕ ಹೇಳುತ್ತಾರೆ. ಅನೇಕ ಸರ್ಜನ್‌ಗಳು ಇಡೀ ವೃತ್ತಿಜೀವನದಲ್ಲಿ ಒಂದನ್ನೂ ನೋಡಿರುವುದಿಲ್ಲ. ಡಿಸ್ಕ್ ಜಾರಿ ನರ ಒತ್ತುವುದನ್ನೂ ಅದಕ್ಕೆ ಶಸ್ತ್ರಚಿಕಿತ್ಸೆಯ ಪರಿಹಾರವನ್ನೂ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ಜಗತ್ತಿಗೆ ತಿಳಿಸಿದರು. ಹನ್ನೊಂದೇ ವರ್ಷಗಳಲ್ಲಿ, 1945ರಲ್ಲಿ, ಡಿಸ್ಕ್ ಆಪರೇಷನ್ನಿನ ನಂತರ ಅಪಧಮನಿ ಮತ್ತು ಅಭಿಧಮನಿ ಒಂದಕ್ಕೊಂದು ತೂತಾಗಿ ಕೂಡಿಕೊಂಡ ಪ್ರಕರಣವನ್ನು ಲಿಂಟನ್ ಮತ್ತು ವೈಟ್ ವರದಿ ಮಾಡಿದರು. ಅಂದರೆ ತೊಂದರೆ ಹಳೆಯದು, ಆದರೆ ಅಪರೂಪದ್ದು.

ನಿಮಗೆ ಆಪರೇಷನ್ ಬೇಕಿದ್ದರೆ ಈ ಭಯಕ್ಕೆ ಮುಂದೂಡಬೇಡಿ. ನಮಗೆ, ಅಂದರೆ ಥಿಯೇಟರಿನಲ್ಲಿರುವವರಿಗೆ, ಅಪರೂಪ ಎಂಬ ಮಾತು ಸಮಾಧಾನ ತರಬಾರದು. ಪ್ರಕಟವಾದ ವರದಿಗಳಲ್ಲಿ ಇದರ ಸಾವಿನ ಪ್ರಮಾಣ ಶೇಕಡಾ 15ರಿಂದ 65ರವರೆಗೂ ಇದೆ. ಈ ಅಂತರಕ್ಕೆ ದೊಡ್ಡ ಕಾರಣ, ಗುರುತಿಸಲು ಹಿಡಿದ ಸಮಯ.

ಅಷ್ಟು ದೊಡ್ಡ ನಾಳ ಹರಿದರೆ ರಕ್ತ ಚಿಮ್ಮುವುದಿಲ್ಲವೇ? ಸರ್ಜನ್‌ಗೆ ಕಾಣುವುದಿಲ್ಲವೇ?

ಅರ್ಧಕ್ಕೂ ಹೆಚ್ಚು ಪ್ರಕರಣಗಳಲ್ಲಿ ಗಾಯದೊಳಗೆ ಹೇಳಿಕೊಳ್ಳುವಂಥ ರಕ್ತ ಕಾಣುವುದಿಲ್ಲ. ಇಕ್ಕಳ ಹೊರಬಂದೊಡನೆ ಪೊರೆಯ ತೂತು ಮುಚ್ಚಿಕೊಳ್ಳುತ್ತದೆ. ರಕ್ತ ಹೊಟ್ಟೆಯ ಹಿಂಭಾಗದ ಸಡಿಲ ಜಾಗದಲ್ಲಿ ತುಂಬಿಕೊಳ್ಳುತ್ತದೆ. ಆ ಜಾಗ ಲೀಟರುಗಟ್ಟಲೆ ರಕ್ತವನ್ನು ಸದ್ದಿಲ್ಲದೆ ಹಿಡಿದಿಡಬಲ್ಲದು. ಸರ್ಜನ್ ನೋಡುತ್ತಿರುವ ಪುಟ್ಟ ಗಾಯ ಒಣಗಿಯೇ ಇರುತ್ತದೆ, ಸಕ್ಷನ್ ಬಾಟಲಿಯಲ್ಲಿ ನೂರು ಮಿಲಿಲೀಟರೂ ಇರುವುದಿಲ್ಲ. ರೋಗಿ ಬೋರಲು ಮಲಗಿರುವಾಗ ಹೊಟ್ಟೆ ಯಾರ ಕಣ್ಣಿಗೂ ಬೀಳುವುದಿಲ್ಲ.

ನನ್ನ ಪ್ರಕಾರ ಇಡೀ ವಿಷಯದ ತಿರುಳು ಇದು. ರಕ್ತ ಹೋಗುತ್ತಿರುವುದನ್ನು ಮೊದಲು ಕಾಣುವುದು ಗಾಯದ ಬಳಿ ಇರುವವರಲ್ಲ, ತಲೆಯ ಬಳಿ ಮಾನಿಟರ್ ಎದುರು ಕುಳಿತವರು.

ಅರಿವಳಿಕೆ ಕೊಡುವ ಡಾಕ್ಟರು ರೋಗಿಯನ್ನು ಮಲಗಿಸಿದ ಮೇಲೆ ಏನು ಮಾಡುತ್ತಿರುತ್ತಾರೆ?

ಅಲ್ಲೇ ಇರುತ್ತಾರೆ, ಒಂದು ಕ್ಷಣವೂ ಬಿಟ್ಟು ಹೋಗುವುದಿಲ್ಲ. ಉಸಿರು, ನಾಡಿ, ರಕ್ತದೊತ್ತಡ, ಆಮ್ಲಜನಕ, ಹೊರಬಿಡುವ ಇಂಗಾಲದ ಡೈಆಕ್ಸೈಡ್, ದೇಹದ ಉಷ್ಣತೆ, ಮೂತ್ರ ಎಲ್ಲವನ್ನೂ ಗಮನಿಸುತ್ತಾರೆ. ರಕ್ತನಾಳಕ್ಕೆ ಪೆಟ್ಟಾದರೆ ಹೊಲಿಯುವುದು ಸರ್ಜನ್ ಕೆಲಸ. ಹೊಲಿಯುವವರೆಗೆ ಮಿದುಳಿಗೂ ಹೃದಯಕ್ಕೂ ರಕ್ತ ಮುಟ್ಟಿಸುತ್ತಿರುವುದು ಅರಿವಳಿಕೆ ತಜ್ಞರ ಕೆಲಸ.

ಹೀಗಾದರೆ ಅದು ವೈದ್ಯರ ನಿರ್ಲಕ್ಷ್ಯವಲ್ಲವೇ?

ಪೆಟ್ಟು ಬಿದ್ದದ್ದೇ ನಿರ್ಲಕ್ಷ್ಯಕ್ಕೆ ಸಾಕ್ಷಿಯಾಗುವುದಿಲ್ಲ. ನುರಿತ ಕೈಗಳಲ್ಲೂ ಆಗಬಹುದಾದ, ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುವ ಮೊದಲೇ ಬಾಯಿಬಿಟ್ಟು ಹೇಳಬೇಕಾದ ತೊಡಕು ಇದು. ಕೇಳಬೇಕಾದ ಪ್ರಶ್ನೆಗಳು ಬೇರೆ: ಎಷ್ಟು ಬೇಗ ಗುರುತಿಸಿದರು, ಗುರುತಿಸಿದ ಮೇಲೆ ಎಷ್ಟು ಬೇಗ ನಾಳದ ಶಸ್ತ್ರಚಿಕಿತ್ಸಕರನ್ನು ಕರೆದರು, ರಕ್ತ ಸಿದ್ಧವಿತ್ತೇ, ಮನೆಯವರಿಗೆ ಮುಚ್ಚಿಡದೆ ಹೇಳಿದರೇ. ಬಿಪಿ ಕುಸಿಯುತ್ತಿದ್ದರೂ ಗಂಟೆಗಟ್ಟಲೆ ಡ್ರಿಪ್ ಏರಿಸುತ್ತಾ ಕಾದಿದ್ದರೆ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

## ಥಿಯೇಟರಿನ ಒಳಗೆ

ಮಾನಿಟರಿನಲ್ಲಿ ಮೊದಲು ಏನು ಬದಲಾಗುತ್ತದೆ?

ನಾಡಿ ಏರಬಹುದು, ರಕ್ತದೊತ್ತಡದ ಮೇಲಿನ ಮತ್ತು ಕೆಳಗಿನ ಅಂಕಿಗಳ ಅಂತರ ಕಿರಿದಾಗಬಹುದು, ಆಮೇಲೆ ಎರಡೂ ಕುಸಿಯುತ್ತವೆ. ಉಸಿರಾಟದ ಯಂತ್ರದ ಸೆಟ್ಟಿಂಗ್ ಬದಲಿಸದೆಯೇ ಇಂಗಾಲದ ಡೈಆಕ್ಸೈಡ್ ಗೆರೆ ತಗ್ಗುತ್ತಾ ಬಂದರೆ ಶ್ವಾಸಕೋಶಕ್ಕೆ ಹೋಗುವ ರಕ್ತ ಕಡಿಮೆಯಾಗುತ್ತಿದೆ ಎಂದರ್ಥ. ಇದನ್ನು ನಾನು ಬಿಪಿಗಿಂತಲೂ ಹೆಚ್ಚು ನಂಬುತ್ತೇನೆ. ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿ ಏರದೆಯೂ ಇರಬಹುದು. ಹಿಮೋಗ್ಲೋಬಿನ್ ನೋಡಿ ನಿರಾಳರಾಗಬೇಡಿ. ರಕ್ತ ಇಡಿಯಾಗಿ ಸೋರಿಹೋಗುವಾಗ ಉಳಿದ ರಕ್ತದ ಸಾಂದ್ರತೆ ಆರಂಭದಲ್ಲಿ ಬದಲಾಗುವುದಿಲ್ಲ.

ಇನ್ನೊಂದು ಗುರುತನ್ನು ಹತ್ತಿರದಿಂದ ಹೇಳಬೇಕು. ತೋಳಿನ ಬಿಪಿ ಪಟ್ಟಿ ಉಬ್ಬುತ್ತದೆ, ಇಳಿಯುತ್ತದೆ, ಅಂಕಿ ತೋರಿಸುವುದಿಲ್ಲ. ತಾನಾಗಿಯೇ ಮತ್ತೆ ಉಬ್ಬುತ್ತದೆ, ಈ ಸಲ ಇನ್ನೂ ಬಿಗಿಯಾಗಿ. ಮತ್ತೆ ಅಂಕಿ ಇಲ್ಲ. ಬೆರಳಿನ ಆಕ್ಸಿಮೀಟರ್ ಅಲೆ ಚಪ್ಪಟೆಯಾಗಿರುತ್ತದೆ. ಕಲಿಯುವ ದಿನಗಳಲ್ಲಿ ಒಮ್ಮೆ ನಾನು ಪಟ್ಟಿ ಸರಿಯಿಲ್ಲವೆಂದುಕೊಂಡು ಇನ್ನೊಂದು ತೋಳಿಗೆ ಕಟ್ಟಿದೆ, ಬೆರಳಿನ ಕ್ಲಿಪ್ ಬದಲಿಸಿದೆ. ನನ್ನ ಹಿರಿಯರು ಬಂದವರೇ ಕುತ್ತಿಗೆಯ ಪಕ್ಕ ಬೆರಳಿಟ್ಟು ನೋಡಿದರು. ನಾಡಿ ಎಳೆಯಷ್ಟೇ ಸಿಗುತ್ತಿತ್ತು. ಯಂತ್ರ ಸರಿಯಾಗಿಯೇ ಇತ್ತು. ಅಂದಿನಿಂದ ಅಂಕಿ ಬಾರದಿದ್ದರೆ ನನ್ನ ಕೈ ಮೊದಲು ಹೋಗುವುದು ರೋಗಿಯ ಕುತ್ತಿಗೆಗೆ.

ಬೋರಲು ಮಲಗಿದವರ ಬಿಪಿ ಹೇಗೂ ಇಳಿಯುತ್ತದೆ. ರಕ್ತನಾಳಕ್ಕೇ ಪೆಟ್ಟಾಗಿದೆ ಎಂದು ಹೇಗೆ ಹೇಳುವುದು?

ಖಚಿತವಾಗಿ ಹೇಳಲಾಗುವುದಿಲ್ಲ. ಖಚಿತವಾಗುವವರೆಗೆ ಕಾಯಲೂ ಬಾರದು. ಅರಿವಳಿಕೆ ಗಾಢವಾಗಿರಬಹುದು, ಹೊಟ್ಟೆ ದಿಂಬಿನ ಮೇಲೆ ಒತ್ತಿಕೊಂಡಿರಬಹುದು, ಔಷಧದ ಅಲರ್ಜಿಯಿರಬಹುದು, ರಕ್ತನಾಳಕ್ಕೆ ಗಾಳಿಯ ಗುಳ್ಳೆಯೋ ಮೂಳೆ ಸಿಮೆಂಟೋ ನುಗ್ಗಿರಬಹುದು, ಹೃದಯಾಘಾತವೂ ಆಗಿರಬಹುದು. ಅಲರ್ಜಿಯಲ್ಲಿ ಸಾಮಾನ್ಯವಾಗಿ ಉಸಿರ್ನಾಳದ ಒತ್ತಡ ಏರುತ್ತದೆ, ಮೈ ಕೆಂಪಾಗುತ್ತದೆ. ಗಾಳಿ ನುಗ್ಗಿದರೆ ಡೈಆಕ್ಸೈಡ್ ಥಟ್ಟನೆ ಬೀಳುತ್ತದೆ.

ನಾನು ಕಲಿಸುವ ಕ್ರಮ ಸರಳ. ಸರ್ಜನ್ ಡಿಸ್ಕಿನೊಳಗೆ ಇಕ್ಕಳ ಹಾಕಿದ ಮೇಲೆ ಅಥವಾ ಸ್ಕ್ರೂ ಕೂರಿಸಿದ ಮೇಲೆ ಬಿಪಿ ಇಳಿಯಿತೇ? ಒಂದು ಡೋಸ್ ಔಷಧ ಮತ್ತು ಒಂದಿಷ್ಟು ದ್ರವಕ್ಕೆ ಏರಿ ಮತ್ತೆ ಜಾರಿತೇ? ಎರಡಕ್ಕೂ ಹೌದಾದರೆ ಬೇರೆ ಕಾರಣ ಸಾಬೀತಾಗುವವರೆಗೆ ಅದನ್ನು ರಕ್ತನಾಳದ ಪೆಟ್ಟು ಎಂದೇ ನೋಡಿ. ಹೊದಿಕೆಯ ಕೆಳಗೆ ಕೈ ಹಾಕಿ ಹೊಟ್ಟೆ ಮುಟ್ಟಿ. ಮೊದಲು ಜೋತಾಡುತ್ತಿದ್ದ ಹೊಟ್ಟೆ ಬಿಗಿದಿದ್ದರೆ ಅದು ದೊಡ್ಡ ಸುಳಿವು.

ಅನುಮಾನವಷ್ಟೇ ಇದೆ. ಸರ್ಜನ್‌ಗೆ ಹೇಳಿ ತಪ್ಪಾದರೆ ನಗೆಪಾಟಲಾಗುವುದಿಲ್ಲವೇ?

ಕಿರಿಯರು ಬೇರೆ ಯಾವ ಪ್ರಶ್ನೆಯನ್ನೂ ಇಷ್ಟು ಸಣ್ಣ ದನಿಯಲ್ಲಿ ಕೇಳುವುದಿಲ್ಲ. ಆದ್ದರಿಂದ ಇದಕ್ಕೆ ದೊಡ್ಡ ದನಿಯಲ್ಲಿಯೇ ಉತ್ತರಿಸುತ್ತೇನೆ: ಹೇಳಿ. ತಪ್ಪಾದರೆ ಹತ್ತು ನಿಮಿಷ ಹೋಗುತ್ತದೆ. ಹೇಳದಿದ್ದರೆ ರೋಗಿಯೇ ಹೋಗಬಹುದು.

ಹೇಗೆ ಹೇಳುತ್ತೀರಿ ಎಂಬುದೂ ಮುಖ್ಯ. “ಬಿಪಿ ಸ್ವಲ್ಪ ಕಡಿಮೆ ಇದೆ ಸರ್” ಎಂದರೆ ಸರ್ಜನ್ ಕಿವಿಗೆ ಅದು ಅರಿವಳಿಕೆಯವರ ನಿತ್ಯದ ಮಾತು. “ಬ್ಲೀಡಿಂಗ್ ಇದೆಯೇ?” ಎಂದು ಕೇಳಿದರೆ ಅವರು ಗಾಯ ನೋಡಿ “ಇಲ್ಲ” ಎನ್ನುತ್ತಾರೆ, ಅದು ನಿಜವೂ ಹೌದು, ಮಾತು ಅಲ್ಲಿಗೇ ಮುಗಿಯುತ್ತದೆ. ಹೀಗೆ ಹೇಳಿ: “ಸರ್, ದಯವಿಟ್ಟು ನಿಲ್ಲಿಸಿ. ಬಿಪಿ 60, ಡೈಆಕ್ಸೈಡ್ 22, ಎರಡು ಸಲ ಔಷಧ ಕೊಟ್ಟರೂ ನಿಲ್ಲುತ್ತಿಲ್ಲ. ಹೊಟ್ಟೆಯೊಳಗೆ ರಕ್ತನಾಳಕ್ಕೆ ಪೆಟ್ಟಾಗಿದೆ ಎಂದು ನನ್ನ ಅನುಮಾನ. ತಿರುಗಿಸಲು ಸಿದ್ಧರಾಗೋಣ.” ಅದರಲ್ಲಿ ಅಂಕಿಯಿದೆ, ಅನುಮಾನಕ್ಕೆ ಹೆಸರಿದೆ, ಮುಂದೇನು ಎಂಬುದೂ ಇದೆ. ಉತ್ತರ ಬರದಿದ್ದರೆ ಹೆಸರು ಹಿಡಿದು ಕರೆದು ಮತ್ತೆ ಹೇಳಿ, ಜೊತೆಗೇ ಹಿರಿಯ ಅರಿವಳಿಕೆ ತಜ್ಞರನ್ನು ಕರೆಸಿ.

ಸರ್ಜನ್‌ಗಳಿಗೂ ಒಂದು ಮಾತು. ಇಕ್ಕಳ ಒಮ್ಮೆಲೇ ಆಳಕ್ಕೆ ಜಾರಿತು ಎಂದು ಕೈಗೆ ಅನಿಸಿದರೆ, ರಕ್ತ ಬಾರದಿದ್ದರೂ, ಗಟ್ಟಿಯಾಗಿ ಹೇಳಿಬಿಡಿ. ಆ ಒಂದು ವಾಕ್ಯದಿಂದ ನಮಗೆ ಐದು ನಿಮಿಷ ಮೊದಲೇ ದೊಡ್ಡ ಕ್ಯಾನುಲಾ ಹಾಕಲು, ರಕ್ತ ತರಿಸಲು ಅವಕಾಶ ಸಿಗುತ್ತದೆ.

ಸಿಟಿ ಸ್ಕ್ಯಾನ್ ಮಾಡಿಸಿ ಖಚಿತ ಮಾಡಿಕೊಳ್ಳಬಾರದೇ?

ಬಿಪಿ ಸ್ಥಿರವಾಗಿರುವ ರೋಗಿಗೆ ಸಿಟಿ ಆಂಜಿಯೋಗ್ರಫಿ ಒಳ್ಳೆಯದು. ತೂತು ಎಲ್ಲಿದೆ, ಒಳಗಿನಿಂದಲೇ ಸ್ಟೆಂಟ್ ಹಾಕಿ ಮುಚ್ಚಬಹುದೇ ಎಂದು ತಿಳಿಯುತ್ತದೆ. ಬಿಪಿ ಕುಸಿಯುತ್ತಿರುವವರನ್ನು ಸ್ಕ್ಯಾನ್ ಕೊಠಡಿಗೆ ಒಯ್ಯಬೇಡಿ. ಅಲ್ಟ್ರಾಸೌಂಡ್ ಹೊಟ್ಟೆಯ ಹಿಂಭಾಗದ ರಕ್ತವನ್ನು ಸರಿಯಾಗಿ ತೋರಿಸುವುದಿಲ್ಲ. ಅದರಲ್ಲಿ ಏನೂ ಕಾಣಲಿಲ್ಲ ಎಂಬುದನ್ನು ನಂಬಿ ಕೂರಬೇಡಿ.

ಬೆನ್ನು ತೆರೆದಿರುವಾಗಲೇ ರೋಗಿಯನ್ನು ಅಂಗಾತ ತಿರುಗಿಸುವುದು ಹೇಗೆ?

ಅಂದವಾಗಿ ಹೊಲಿಯುವ ಹೊತ್ತು ಅದಲ್ಲ. ಗಾಯದೊಳಗೆ ಗಾಜ್ ತುಂಬಿ, ಮೇಲೆ ಅಂಟುವ ಹಾಳೆ ಹಚ್ಚಿ, ತಿರುಗಿಸಿ. ಒಳಗಿಟ್ಟ ಗಾಜ್ ಎಷ್ಟು ಎಂದು ಎಣಿಸಿ ಬೋರ್ಡಿನ ಮೇಲೆ ಬರೆದಿಡಿ, ಆಮೇಲೆ ಅದು ಯಾರಿಗೂ ನೆನಪಿರುವುದಿಲ್ಲ. ರೋಗಿಯನ್ನು ಅಂಗಾತ ಮಲಗಿಸಿಕೊಳ್ಳುವ ಟ್ರಾಲಿ ಎಲ್ಲಿದೆ? ಬೋರಲು ಮಲಗಿಸಿದ ಪ್ರತಿ ಕೇಸಿನಲ್ಲೂ ಅದು ಬಾಗಿಲಾಚೆಯೇ ಇರಬೇಕು, ಖಾಲಿಯಿರಬೇಕು. ಕಾರಿಡಾರಿನ ತುದಿಯಲ್ಲಿದ್ದರೆ ಎರಡು ನಿಮಿಷ ಅಲ್ಲೇ ಹೋಯಿತು.

ತಲೆ, ಟ್ಯೂಬು ಅರಿವಳಿಕೆ ತಜ್ಞರ ಕೈಯಲ್ಲಿ, ಲೆಕ್ಕ ಹೇಳುವವರೂ ಅವರೇ. ಕನಿಷ್ಠ ಐದಾರು ಜನ ಬೇಕು. ಉಸಿರಿನ ಕೊಳವೆಯನ್ನು ಯಂತ್ರದಿಂದ ಒಂದು ಕ್ಷಣ ಬಿಡಿಸಿ, ತಿರುಗಿಸಿ, ಮರುಜೋಡಿಸಿ, ಎದೆಯ ಎರಡೂ ಬದಿ ಗಾಳಿ ಹೋಗುತ್ತಿದೆಯೇ ನೋಡಿ. ತಿರುಗಿಸಿದೊಡನೆ ಬಿಪಿ ಇನ್ನೂ ಬೀಳಬಹುದು ಎಂದು ಎಲ್ಲರಿಗೂ ಮೊದಲೇ ತಿಳಿಸಿರಿ.

ಬೋರಲು ಇರುವಾಗಲೇ ಹೃದಯ ನಿಂತರೆ?

ತಿರುಗಿಸಲು ಜನ ಸೇರುವವರೆಗೆ ಬೆನ್ನಿನ ಮೇಲಿಂದಲೇ ಒತ್ತಲು ಶುರುಮಾಡಿ. ಎದೆಯ 7ರಿಂದ 10ನೆಯ ಕಶೇರುಗಳ ಮಟ್ಟದಲ್ಲಿ ಕೈಯಿಡಬೇಕು. ಗಾಯ ನಡುವೆ ಇದ್ದರೆ ಅದರ ಎರಡೂ ಪಕ್ಕದಲ್ಲಿ ಒತ್ತಬಹುದು. ಒತ್ತಡ ಸಾಲುತ್ತಿದೆಯೇ ಎಂದು ಡೈಆಕ್ಸೈಡ್ ಗೆರೆಯೂ ಅಪಧಮನಿಯ ಒತ್ತಡದ ಅಲೆಯೂ ಹೇಳುತ್ತವೆ. ಆದರೆ ರಕ್ತಸ್ರಾವದಿಂದ ಹೃದಯ ನಿಂತಿದ್ದರೆ ಒತ್ತುವುದರಿಂದಷ್ಟೇ ಅದು ಓಡುವುದಿಲ್ಲ. ಅಂಗಾತ ತಿರುಗಿಸಿ ಹೊಟ್ಟೆ ತೆರೆದು ಮಹಾಪಧಮನಿಯನ್ನು ಹಿಡಿಯಬೇಕು, ಅದೇ ಹೊತ್ತಿಗೆ ರಕ್ತ ತುಂಬಬೇಕು.

ಗಲಿಬಿಲಿಯಲ್ಲಿ ಯಾರು ಏನು ಮಾಡಬೇಕು?

ಒಬ್ಬರೇ ನಾಯಕರು. ಹೆಚ್ಚಾಗಿ ಅದು ಅರಿವಳಿಕೆ ತಜ್ಞರಾಗಿದ್ದರೆ ಒಳ್ಳೆಯದು, ಏಕೆಂದರೆ ಸರ್ಜನ್ ಕಣ್ಣು ಗಾಯದೊಳಗೆ ಇರುತ್ತದೆ. ಇಬ್ಬರು ಅರಿವಳಿಕೆ ತಜ್ಞರಿದ್ದರೆ ಒಬ್ಬರು ಕೈಕೆಲಸ ಮಾಡಲಿ, ಇನ್ನೊಬ್ಬರು ಕೈಕಟ್ಟಿ ನಿಂತು ಇಡೀ ಚಿತ್ರ ನೋಡಲಿ. ಒಬ್ಬ ನರ್ಸ್ ಫೋನಿಗೆ, ಇನ್ನೊಬ್ಬರು ಸಮಯ ಮತ್ತು ಔಷಧ ಬರೆಯಲು. ಬ್ಲಡ್ ಬ್ಯಾಂಕಿಗೆ ಓಡಾಡಲು ಒಬ್ಬರು ಬೇಕು, ಅವರಿಗೆ ಬೇರೆ ಯಾವ ಕೆಲಸವನ್ನೂ ಹೇಳಬಾರದು. ನಾಳದ ಶಸ್ತ್ರಚಿಕಿತ್ಸಕರಿಗೆ ಕರೆ ಹೋಗಬೇಕಾದದ್ದು ಅನುಮಾನ ಬಂದಾಗ. ಅವರು ಊರಲ್ಲಿಲ್ಲದಿದ್ದರೆ ಹೊಟ್ಟೆ ತೆರೆದು ಒತ್ತಿ ಹಿಡಿಯಬಲ್ಲ ಯಾವ ಸರ್ಜನ್ ಆದರೂ ಸರಿ. ಮುಷ್ಟಿಯಿಂದ ಮಹಾಪಧಮನಿಯನ್ನು ಬೆನ್ನುಮೂಳೆಗೆ ಒತ್ತಿ ಹಿಡಿದರೆ ನಮಗೆ ರಕ್ತ ತುಂಬಲು ಸಮಯ ಸಿಗುತ್ತದೆ.

“ಯಾರಾದರೂ ರಕ್ತ ತನ್ನಿ” ಎಂದರೆ ಯಾರೂ ತರುವುದಿಲ್ಲ. ಹೆಸರು ಹಿಡಿದು ಹೇಳಿ. ಕೇಳಿಸಿಕೊಂಡವರು ಅದನ್ನೇ ಮರಳಿ ಹೇಳಲಿ, ಮುಗಿದ ಮೇಲೆ ಮುಗಿಯಿತು ಎಂದೂ ಹೇಳಲಿ.

## ಕೆಲಸ ಕಲಿಯುತ್ತಿರುವವರಿಗೆ

ಕ್ಯಾನುಲಾ ಎಲ್ಲಿ ಹಾಕಬೇಕು? ಕೈ ಸಿಗದಿದ್ದರೆ ಕಾಲಿಗೆ ಹಾಕಬಹುದೇ?

ಕಾಲಿಗೆ ಬೇಡ, ತೊಡೆಯ ಸಂದಿಗೂ ಬೇಡ. ಹರಿದಿರುವುದು ಕಾಲಿನಿಂದ ಹೃದಯಕ್ಕೆ ಹೋಗುವ ಅಭಿಧಮನಿಯೇ ಆಗಿರಬಹುದು. ಹಾಗಿದ್ದರೆ ಕಾಲಿನಿಂದ ಕೊಟ್ಟ ರಕ್ತ ಆ ತೂತಿನಿಂದಲೇ ಹೊಟ್ಟೆಗೆ ಸುರಿಯುತ್ತದೆ. ಕೈ ಅಥವಾ ಕುತ್ತಿಗೆ ಆಯ್ದುಕೊಳ್ಳಿ. ಕೊಳವೆಯಲ್ಲಿ ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ, ತ್ರಿಜ್ಯ ಎರಡು ಪಟ್ಟಾದರೆ ಹರಿವು ಹದಿನಾರು ಪಟ್ಟು. ಆದ್ದರಿಂದ ಗುಲಾಬಿ ಬಣ್ಣದ ಮೂರು ಸಣ್ಣ ಕ್ಯಾನುಲಾಗಳಿಗಿಂತ ಬೂದು ಅಥವಾ ಕಿತ್ತಳೆ ಬಣ್ಣದ ದೊಡ್ಡದು ಒಂದು ಮೇಲು. ಅಪಧಮನಿಯ ಒತ್ತಡ ಅಳೆಯುವ ಗೆರೆಯನ್ನೂ ಮಣಿಕಟ್ಟಿನಲ್ಲೇ ಹಾಕಿ. ಮಹಾಪಧಮನಿಗೆ ಕ್ಲ್ಯಾಂಪ್ (ರಕ್ತ ಹರಿಯದಂತೆ ನಾಳವನ್ನು ಬಿಗಿಹಿಡಿಯುವ ಸಾಧನ) ಬಿದ್ದ ಮೇಲೆ ಕಾಲಿನ ಅಂಕಿಗೆ ಅರ್ಥವಿರುವುದಿಲ್ಲ.

ಯಾವ ರಕ್ತ, ಯಾವ ಪ್ರಮಾಣದಲ್ಲಿ?

ಗುಂಪು ಹೊಂದಿಸುವಷ್ಟು ಸಮಯವಿಲ್ಲದಿದ್ದರೆ ಓ ಗುಂಪಿನ ಕೆಂಪು ಕಣ, ಮಕ್ಕಳಾಗುವ ವಯಸ್ಸಿನ ಮಹಿಳೆಯರಿಗೆ ಓ ನೆಗೆಟಿವ್. ಲೀಟರುಗಟ್ಟಲೆ ಬರೀ ಸಲೈನ್ ಏರಿಸಿದರೆ ಹೆಪ್ಪುಗಟ್ಟಿಸುವ ಅಂಶಗಳು ತೆಳುವಾಗಿ, ಮೈ ತಣ್ಣಗಾಗಿ, ಸೋರಿಕೆ ಹೆಚ್ಚುತ್ತದೆ. ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಮೂರನ್ನೂ ಸಮಸಮ ಕೊಡುವ ಕ್ರಮ ಅಪಘಾತದ ರೋಗಿಗಳ ಅಧ್ಯಯನಗಳಿಂದ ಬಂದದ್ದು. 2015ರಲ್ಲಿ ಪ್ರಕಟವಾದ ಪ್ರಾಪರ್ ಅಧ್ಯಯನದ 680 ರೋಗಿಗಳಲ್ಲಿ ಒಟ್ಟು ಸಾವಿನ ಪ್ರಮಾಣದಲ್ಲಿ ಸ್ಪಷ್ಟ ವ್ಯತ್ಯಾಸ ಸಿಗದಿದ್ದರೂ, ಮೊದಲ 24 ಗಂಟೆಗಳಲ್ಲಿ ರಕ್ತಸ್ರಾವದಿಂದಲೇ ಸತ್ತವರು ಸಮಪ್ರಮಾಣದ ಗುಂಪಿನಲ್ಲಿ ಕಡಿಮೆ.

ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ 1 ಗ್ರಾಂ ಹತ್ತು ನಿಮಿಷಗಳಲ್ಲಿ, ರಕ್ತಸ್ರಾವ ಶುರುವಾದ ಮೂರು ಗಂಟೆಯೊಳಗೆ. 2010ರ ಕ್ರ್ಯಾಶ್-2 ಅಧ್ಯಯನ 20,000ಕ್ಕೂ ಹೆಚ್ಚು ಅಪಘಾತದ ರೋಗಿಗಳಲ್ಲಿ ಇದರ ಲಾಭ ತೋರಿಸಿತು. ಕ್ಯಾಲ್ಸಿಯಂ ಮರೆಯಬೇಡಿ. ರಕ್ತದ ಚೀಲದಲ್ಲಿರುವ ಸಿಟ್ರೇಟ್ ದೇಹದ ಕ್ಯಾಲ್ಸಿಯಮನ್ನು ಹಿಡಿದುಬಿಡುತ್ತದೆ. ಆಗ ಹೃದಯದ ಬಡಿತ ಸೋಲುತ್ತದೆ, ಹೆಪ್ಪು ಕಟ್ಟುವುದಿಲ್ಲ. ಅಯಾನಿಕ ಕ್ಯಾಲ್ಸಿಯಂ ಲೀಟರಿಗೆ 1.1 ಮಿಲಿಮೋಲ್‌ಗಿಂತ ಕೆಳಗಿಳಿಯದಿರಲಿ, ಹೆಪ್ಪುಗಟ್ಟಿಸುವ ಪ್ರೋಟೀನಾದ ಫೈಬ್ರಿನೋಜೆನ್ ಲೀಟರಿಗೆ 1.5 ಗ್ರಾಂಗಿಂತ ಮೇಲಿರಲಿ, ಉಷ್ಣತೆ 36 ಡಿಗ್ರಿ ದಾಟಿರಲಿ. ರಕ್ತವನ್ನು ಬೆಚ್ಚಗಾಗಿಸುವ ಯಂತ್ರ ಅಂದು ಮೂಲೆಯಲ್ಲಿ ಧೂಳು ಹಿಡಿದು ನಿಂತಿರಬಾರದು.

ಬಿಪಿ ಎಷ್ಟಿರಬೇಕು? ಪೂರ್ತಿ ಸರಿಮಾಡಿಬಿಡುವುದೇ?

ಕ್ಲ್ಯಾಂಪ್ ಬೀಳುವವರೆಗೆ ಮೇಲಿನ ಅಂಕಿ 80ರಿಂದ 90 ಸಾಕು. ಅದಕ್ಕಿಂತ ಏರಿಸಿದರೆ ತೂತಿನ ಮೇಲೆ ಕೂತ ಹೆಪ್ಪು ಕಿತ್ತುಬರುತ್ತದೆ. ಆದರೆ ಈಗಷ್ಟೇ ಒತ್ತಡದಿಂದ ಬಿಡಿಸಿದ ನರಗಳಿಗೂ ಬೆನ್ನುಹುರಿಗೂ ರಕ್ತ ಬೇಕು, ವಯಸ್ಸಾದವರ ಹೃದಯಕ್ಕೂ ಬೇಕು. ಹಾಗಾಗಿ ತಗ್ಗಿದ ಬಿಪಿಯನ್ನು ಸಹಿಸುವುದು ನಿಮಿಷಗಳ ಮಾತು. ರಕ್ತ ನಿಂತೊಡನೆ ಮಾಮೂಲಿಗೆ ತನ್ನಿ. ನಾರ್‌ಅಡ್ರಿನಲಿನ್ ತಾತ್ಕಾಲಿಕ ಊರುಗೋಲು ಮಾತ್ರ. ಖಾಲಿಯಾದ ನಾಳವನ್ನು ಹಿಂಡುವುದರಿಂದ ಅಂಕಿ ಏರುತ್ತದೆ, ಅಂಗಗಳಿಗೆ ರಕ್ತ ಸಿಗುವುದಿಲ್ಲ.

ರೋಗಿ ಎಚ್ಚರಗೊಂಡು ರಿಕವರಿಯಲ್ಲಿ ಕುಸಿದರೆ ಮತ್ತೆ ಅರಿವಳಿಕೆ ಕೊಡುವುದು ಹೇಗೆ?

ನಾಳಕ್ಕೆ ಪೆಟ್ಟಾದವರಲ್ಲಿ ಹೀಗಾಗುವುದು ಅಪರೂಪವಲ್ಲ. ರೋಗಿ ಹೊಟ್ಟೆನೋವು ಎನ್ನುತ್ತಾರೆ, ಬೆವರುತ್ತಾರೆ, ಚಡಪಡಿಸುತ್ತಾರೆ. ಅದನ್ನು ಗಾಯದ ನೋವೆಂದು ಭಾವಿಸಿ ನೋವಿನ ಇಂಜೆಕ್ಷನ್ ಕೊಟ್ಟು ಮಲಗಿಸುವುದೇ ದೊಡ್ಡ ಅಪಾಯ. ಡಿಸ್ಕ್ ಆಪರೇಷನ್ ಆದವರ ಚಡಪಡಿಕೆಗೆ ಮೊದಲು ಬಿಪಿ, ಹೊಟ್ಟೆ ಮತ್ತು ಪಾದದ ನಾಡಿ ನೋಡಬೇಕು.

ಮತ್ತೆ ಥಿಯೇಟರಿಗೆ ತಂದಾಗ, ಬಿಗಿದ ಹೊಟ್ಟೆಯ ಸ್ನಾಯುಗಳೇ ರಕ್ತಸ್ರಾವವನ್ನು ಸ್ವಲ್ಪ ತಡೆಹಿಡಿದಿರುತ್ತವೆ. ಸ್ನಾಯು ಸಡಿಲಿಸುವ ಔಷಧ ಕೊಟ್ಟೊಡನೆ ಆ ಒತ್ತಡ ಹೋಗಿ ಬಿಪಿ ಪಾತಾಳಕ್ಕಿಳಿಯಬಹುದು. ಆದ್ದರಿಂದ ಹೊಟ್ಟೆ ಶುಚಿಮಾಡಿ, ಹೊದಿಕೆ ಹಾಸಿ, ಸರ್ಜನ್ ಕೈಗೆ ಚಾಕು ಬಂದ ಮೇಲೆಯೇ ಔಷಧ. ಎಚ್ಚರವಿರುವ ರೋಗಿಗೆ ಅದು ಭಯಂಕರ. ಕಿವಿಯ ಬಳಿ ಬಾಗಿ, ನಾನು ಇಲ್ಲೇ ಇದ್ದೇನೆ, ಈಗ ನಿದ್ದೆ ಬರುತ್ತದೆ ಎಂದು ಹೇಳುತ್ತಿರಿ. ಕೆಟಮಿನ್ ಅಥವಾ ಎಟೊಮಿಡೇಟ್, ಅದೂ ತಗ್ಗಿಸಿದ ಪ್ರಮಾಣದಲ್ಲಿ. ಮಾಮೂಲಿ ಪ್ರಮಾಣದ ಪ್ರೊಪೊಫಾಲ್ ಕೊಟ್ಟರೆ ಹೃದಯ ನಿಂತೀತು. ಬೆನ್ನಿನ ಇಂಜೆಕ್ಷನ್ನಿನ ಮಾತೇ ಇಲ್ಲ.

ನಾಳ ಹೊಲಿಯುವಾಗ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ಕೇಳುತ್ತಾರೆ. ಕೊಡಬಹುದೇ?

ಇಲ್ಲಿ ಎರಡು ನ್ಯಾಯಗಳು ಎದುರಾಗುತ್ತವೆ. ಕ್ಲ್ಯಾಂಪ್ ಹಾಕಿದ ನಾಳದ ಕೆಳಗೆ ರಕ್ತ ನಿಂತು ಹೆಪ್ಪುಗಟ್ಟಿದರೆ ಕಾಲು ಹೋಗುತ್ತದೆ. ಹೆಪಾರಿನ್ ಕೊಟ್ಟರೆ ಬೆನ್ನಿನ ಹಸಿಗಾಯದಲ್ಲಿ ರಕ್ತ ತುಂಬಿ ನರಗಳನ್ನು ಒತ್ತಬಹುದು. ರಕ್ತ ಹರಿಯುತ್ತಲೇ ಇದ್ದರೆ, ಹೆಪ್ಪುಗಟ್ಟುವ ಶಕ್ತಿ ಕುಂದಿದ್ದರೆ ಇಡೀ ದೇಹಕ್ಕೆ ಹೆಪಾರಿನ್ ಕೊಡದೆ ನಾಳದೊಳಗೆ ಮಾತ್ರ ಹೆಪಾರಿನ್ ಬೆರೆಸಿದ ಸಲೈನ್ ಹಾಯಿಸುವುದು ನನಗೆ ಸರಿ ಎನಿಸುತ್ತದೆ. ಸ್ರಾವ ಹತೋಟಿಯಲ್ಲಿದ್ದು ಕ್ಲ್ಯಾಂಪ್ ಬಹಳ ಹೊತ್ತು ಇರುವುದಾದರೆ ಬೆನ್ನಿನ ಸರ್ಜನ್, ನಾಳದ ಸರ್ಜನ್, ಅರಿವಳಿಕೆ ತಜ್ಞರು ಮೂವರೂ ಮಾತಾಡಿಕೊಂಡು ಕೊಡಬಹುದು. ಅದರ ಪರಿಣಾಮವನ್ನು ಅಳಿಸಬೇಕಾದರೆ 100 ಯೂನಿಟ್ ಹೆಪಾರಿನ್‌ಗೆ 1 ಮಿಲಿಗ್ರಾಂ ಪ್ರೋಟಮಿನ್, ನಿಧಾನವಾಗಿ.

ಕ್ಲ್ಯಾಂಪ್ ತೆಗೆಯುವಾಗ ಏನು ಎಚ್ಚರಿಕೆ?

ಸರ್ಜನ್ ಐದು ನಿಮಿಷ ಮೊದಲೇ ತಿಳಿಸಬೇಕು. ಅಷ್ಟರಲ್ಲಿ ರಕ್ತ ತುಂಬಿ, ಆಮ್ಲತೆ ಮತ್ತು ಪೊಟ್ಯಾಸಿಯಂ ನೋಡಿ, ಕ್ಯಾಲ್ಸಿಯಂ ಸಿರಿಂಜ್ ಕೈಯಲ್ಲಿ ಹಿಡಿಯಿರಿ. ರಕ್ತವಿಲ್ಲದೆ ಹಸಿದ ಕಾಲುಗಳಿಂದ ಆಮ್ಲವೂ ಪೊಟ್ಯಾಸಿಯಮ್ಮೂ ಒಮ್ಮೆಲೇ ಹೃದಯಕ್ಕೆ ಬರುತ್ತವೆ. ಒಂದೊಂದೇ ಕಾಲಿನ ಕಡೆ, ಸ್ವಲ್ಪಸ್ವಲ್ಪವೇ ಬಿಡಲಿ. ಬಿಪಿ ಜಾರಿದರೆ ಮತ್ತೆ ಹಿಡಿಯಲಿ.

ಹೊಟ್ಟೆಯ ಕಡೆಯಿಂದ ಮಾಡುವ ಬೆನ್ನಿನ ಆಪರೇಷನ್‌ನಲ್ಲಿ ಬೇರೆ ಏನು?

ಅಲ್ಲಿ ನಾಳಗಳನ್ನು ಪಕ್ಕಕ್ಕೆ ಸರಿಸಿಯೇ ಡಿಸ್ಕ್ ಮುಟ್ಟಬೇಕು. ಹೆಚ್ಚಾಗಿ ಹರಿದುಹೋಗುವುದು ಎಡಗಾಲಿನ ಕಡೆಯಿಂದ ಬರುವ ಎಡ ಇಲಿಯಾಕ್ ಅಭಿಧಮನಿ. ಅದು ಸರ್ಜನ್ ಕಣ್ಣೆದುರೇ ಆಗುವುದರಿಂದ ತಡವಿಲ್ಲದೆ ತಿಳಿಯುತ್ತದೆ. ಸದ್ದಿಲ್ಲದ ತೊಂದರೆ ಇನ್ನೊಂದಿದೆ. ಸರಿಸಿ ಹಿಡಿದ ಎಡ ಅಪಧಮನಿ ಹೊತ್ತು ಕಳೆದಂತೆ ಮುಚ್ಚಿ ಹೆಪ್ಪುಗಟ್ಟಬಹುದು. ಎಡಗಾಲಿನ ಹೆಬ್ಬೆರಳಿಗೆ ಇನ್ನೊಂದು ಆಕ್ಸಿಮೀಟರ್ ಹಾಕಿಡಿ. ಸರಿಸಿದಾಗ ಅಲೆ ಮಾಯವಾಗುವುದು ಸಾಮಾನ್ಯ. ಬಿಟ್ಟ ಮೇಲೂ ಮರಳದಿದ್ದರೆ ಥಿಯೇಟರಿನಿಂದ ಹೊರಡುವ ಮೊದಲೇ ಹೇಳಿ.

ಕುತ್ತಿಗೆಯಲ್ಲಿ ಆದರೆ?

ಮಿದುಳಿಗೆ ಹೋಗುವ ವರ್ಟಿಬ್ರಲ್ ಅಪಧಮನಿ ಕುತ್ತಿಗೆಯ ಕಶೇರುಗಳ ರಂಧ್ರಗಳಲ್ಲೇ ಸಾಗುತ್ತದೆ. ಅಲ್ಲಿ ರಕ್ತ ಕಾಣುತ್ತದೆ, ಒತ್ತಿ ತುಂಬಿ ನಿಲ್ಲಿಸುತ್ತಾರೆ. ಆಗ ಬಿಪಿಯನ್ನು ತಗ್ಗಿಸಿಡಬೇಡಿ, ಇನ್ನೊಂದು ಬದಿಯ ನಾಳದಿಂದಲೇ ಮಿದುಳು ಬದುಕಬೇಕು. ಆ ಇನ್ನೊಂದು ಬದಿಗೆ ಸ್ಕ್ರೂ ಹಾಕುವ ಯೋಚನೆಯನ್ನು ಸರ್ಜನ್ ಕೈಬಿಡಬೇಕು. ಟ್ಯೂಬು ತೆಗೆಯಲು ಆತುರ ಬೇಡ: ಕುತ್ತಿಗೆಯಲ್ಲಿ ರಕ್ತ ತುಂಬಿದರೆ ಉಸಿರ್ನಾಳ ಒತ್ತಿಹೋಗುತ್ತದೆ.

ಆಪರೇಷನ್ ಆಗಿ ತಿಂಗಳುಗಳಾದವು. ಕಾಲು ಊದಿದೆ, ಏದುಸಿರು. ಸಂಬಂಧವಿದೆಯೇ?

ಇರಬಹುದು. ಅಪಧಮನಿ ಮತ್ತು ಅಭಿಧಮನಿ ಒಂದಕ್ಕೊಂದು ತೂತಾಗಿದ್ದರೆ ರಕ್ತ ಕಾಲಿಗೆ ಹೋಗದೆ ಅಡ್ಡದಾರಿಯಲ್ಲಿ ಹೃದಯಕ್ಕೆ ಮರಳುತ್ತದೆ. ಹೃದಯ ದುಪ್ಪಟ್ಟು ದುಡಿದು ಸೋಲುತ್ತದೆ. ಇದನ್ನು ಹೃದಯದ ಕಾಯಿಲೆ ಎಂದೋ ಕಾಲಿನ ಹೆಪ್ಪು ಎಂದೋ ತಿಳಿದು ಮಾತ್ರೆ ಕೊಡುತ್ತಾ ಹೋದ ಉದಾಹರಣೆಗಳಿವೆ. ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟರೆ ಯಂತ್ರ ಓಡುವಂಥ ನಿರಂತರ ಮೊರೆತ ಕೇಳುತ್ತದೆ. ವೈದ್ಯರ ಬಳಿ ಹೋದಾಗ ‘ಬೆನ್ನಿನ ಆಪರೇಷನ್ ಆಗಿತ್ತು’ ಎಂದು ತಪ್ಪದೆ ಹೇಳಿ. ಇಂಥದ್ದನ್ನು ಇಂದು ಬಹುಪಾಲು ಹೊದಿಕೆಯಿರುವ ಸ್ಟೆಂಟಿನಿಂದ, ಎಷ್ಟೋ ಸಲ ತೊಡೆಯ ಸಂದಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೇ, ಮುಚ್ಚುತ್ತಾರೆ.

ರಕ್ತ ನಿಂತಿತು, ಹೊಲಿಗೆ ಮುಗಿಯಿತು. ಐಸಿಯುನಲ್ಲಿ ಏನು ನೋಡಬೇಕು?

ಪ್ರತಿ ಗಂಟೆ ಎರಡೂ ಪಾದದ ನಾಡಿ, ಬಿಸಿ, ಬಣ್ಣ. ಸ್ನಾಯು ರಕ್ತವಿಲ್ಲದೆ ಸುಮಾರು ಆರು ಗಂಟೆ ತಾಳುತ್ತದೆ. ರಕ್ತ ಮರಳಿದ ಮೇಲೆ ಮೀನಖಂಡ ಊದಿ ಬಿಗಿದರೆ ಪೊರೆ ಸೀಳಿ ಒತ್ತಡ ಬಿಡಿಸಬೇಕಾಗುತ್ತದೆ. ನಿದ್ದೆ ಮಾಡಿಸಿರುವ ರೋಗಿ ನೋವು ಹೇಳಲಾರರು, ನಿಮ್ಮ ಕೈಯೇ ಹೇಳಬೇಕು. ಹೊಟ್ಟೆ ಬಿಗಿದು ಮೂತ್ರ ಕಡಿಮೆಯಾದರೆ ಮೂತ್ರಕೋಶದ ಒತ್ತಡ ಅಳೆಯಿರಿ. ಅದು 20 ಮಿಲಿಮೀಟರ್ ಪಾದರಸ ದಾಟಿ ಅಂಗಗಳು ಸೋಲುತ್ತಿದ್ದರೆ ಹೊಟ್ಟೆಯನ್ನು ಮತ್ತೆ ತೆರೆಯಬೇಕಾದೀತು. ಔಷಧ ಹಗುರಾದೊಡನೆ ಕಾಲುಬೆರಳು ಆಡಿಸಲು ಹೇಳಿ. ದೃಷ್ಟಿಯನ್ನೂ ಕೇಳಿ: ಬೋರಲು ಮಲಗಿ ಹೆಚ್ಚು ರಕ್ತ ಕಳೆದುಕೊಂಡವರಲ್ಲಿ ಕಣ್ಣಿನ ನರಕ್ಕೆ ಹಾನಿಯಾದದ್ದುಂಟು. ಗಾಜ್ ತುಂಬಿ ಬಿಟ್ಟ ಬೆನ್ನಿನ ಗಾಯವನ್ನು ಸರಿಯಾಗಿ ಮುಚ್ಚುವ ದಿನವನ್ನು ಅಂದೇ ನಿಗದಿ ಮಾಡಿ ಬರೆದಿಡಿ.

ಮುಂದಿನ ಕೇಸಿಗೆ ನಮ್ಮ ತಂಡ ಹೇಗೆ ಸಿದ್ಧವಾಗಬೇಕು?

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಕೊಟ್ಟ ಶಸ್ತ್ರಚಿಕಿತ್ಸೆಯ ಸುರಕ್ಷತಾ ಪಟ್ಟಿಯಲ್ಲಿ 500 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋಗುವ ಸಂಭವವಿದೆಯೇ ಎಂಬ ಪ್ರಶ್ನೆಯಿದೆ. ಡಿಸ್ಕ್ ಕೇಸಿನಲ್ಲಿ ಎಲ್ಲರೂ ‘ಇಲ್ಲ’ ಎಂದು ಮುಂದೆ ಹೋಗುತ್ತೇವೆ. ನಾನು ಅಲ್ಲಿ ನಾಲ್ಕು ಮಾತು ಸೇರಿಸುತ್ತೇನೆ: ರೋಗಿಯ ರಕ್ತದ ಗುಂಪು ಗೊತ್ತಿದೆಯೇ, ನಾಳದ ಶಸ್ತ್ರಚಿಕಿತ್ಸಕರು ಇಂದು ಯಾರು, ಟ್ರಾಲಿ ಎಲ್ಲಿದೆ, ಎಂಆರ್‌ಐನಲ್ಲಿ ನಾಳಗಳು ಡಿಸ್ಕಿಗೆ ಎಷ್ಟು ಹತ್ತಿರ. ಇಪ್ಪತ್ತು ಸೆಕೆಂಡಿನ ಕೆಲಸ. ಇಕ್ಕಳದ ಮೇಲೆ 3 ಸೆಂಟಿಮೀಟರಿಗೆ ಗುರುತಿದೆಯೇ ಎಂದು ಸ್ಕ್ರಬ್ ನರ್ಸ್ ನೋಡಿಕೊಡುತ್ತಾರೆ. ಹೊಟ್ಟೆ ದಿಂಬುಗಳ ನಡುವೆ ಸಡಿಲವಾಗಿ ಇಳಿಬಿದ್ದಿದೆಯೇ ಎಂದು ನಾನು ಮಂಡಿಯೂರಿ ಕೈ ಹಾಯಿಸಿ ನೋಡುತ್ತೇನೆ. ಅಂಗೈ ಸಲೀಸಾಗಿ ಆಚೆ ಹೋದರೆ ಮಾತ್ರ ಸರ್ಜನ್‌ಗೆ ಶುರುಮಾಡಿ ಎನ್ನುತ್ತೇನೆ.